ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಮ್ಮನ ಪ್ರಯಾಣ: ನಿಜವಾದ ದೂರ ಎಷ್ಟು, ಗಂಟೆ ಎಷ್ಟು?

ಹುಲೇಕಲ್ ಕಡೆಯವ, ಶಿರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೆಯ ವಾರದಲ್ಲಿ ನನ್ನ ತಂಗಿಯ ಹೆರಿಗೆಗೆ ದಿನ ಕೊಟ್ಟಿದ್ದಾರೆ. ಅವಳು ಇರುವುದು ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಹೋಸೆಯಲ್ಲಿ. ಬಾಣಂತನಕ್ಕೆ ಅಮ್ಮ ಮಾರ್ಚ್ ಕೊನೆಯಲ್ಲಿ ಹೊರಟು ಸೆಪ್ಟೆಂಬರಿನಲ್ಲಿ ಮರಳಬೇಕೆಂದು ತೀರ್ಮಾನವಾಗಿದೆ. ಅಮ್ಮನಿಗೆ 68 ವರ್ಷ. ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವಿದೆ, ಇದುವರೆಗೆ ವಿಮಾನ ಹತ್ತಿದವರಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಎರಡು ದಿನ ಸುಧಾರಿಸಿಕೊಳ್ಳುವ ಅವರನ್ನು ಇಷ್ಟು ದೂರ ಕಳುಹಿಸುವ ಮೊದಲು, ಆ ದೂರವೆಂದರೆ ಏನು ಎಂಬುದನ್ನು ನಾನೇ ಸರಿಯಾಗಿ ತಿಳಿದುಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ಮನೆಯಲ್ಲಿರುವ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿನಿಂದ ಪಶ್ಚಿಮಕ್ಕೆ, ಆಫ್ರಿಕಾ ಮತ್ತು ಅಟ್ಲಾಂಟಿಕ್ ಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೋದವರೆಗೆ ಅಡಿಪಟ್ಟಿ ಇಟ್ಟು ಅಳೆದು, ಕೆಳಗೆ ಕೊಟ್ಟ ಮಾಪನದಿಂದ ಗುಣಿಸಿದಾಗ 22 ಸಾವಿರ ಕಿ.ಮೀ.ಗಿಂತ ಹೆಚ್ಚು ಬಂತು. ಆದರೆ ಎಲ್ಲಿ ನೋಡಿದರೂ ಎರಡು ಊರುಗಳ ನಡುವಿನ ದೂರ ಸುಮಾರು 14 ಸಾವಿರ ಕಿ.ಮೀ. ಎಂದೇ ಇದೆ. ಎಂಟು ಸಾವಿರ ಕಿಲೋಮೀಟರ್ ಎಲ್ಲಿ ಹೋಯಿತು?

ಎರಡನೆಯದು ಗಂಟೆಯ ವಿಚಾರ. ಟಿಕೆಟ್ ಏಜೆಂಟರು ತೋರಿಸಿದ ಒಂದು ನೇರ ವಿಮಾನದ ಮಾದರಿಯಲ್ಲಿ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ 6ಕ್ಕೆ ಅಲ್ಲಿ ಇಳಿಯುತ್ತದೆ. ಮರಳುವಾಗ ಶುಕ್ರವಾರ ರಾತ್ರಿ 9ಕ್ಕೆ ಹೊರಟರೆ ಬೆಂಗಳೂರಿಗೆ ಬರುವುದು ಭಾನುವಾರ ನಸುಕಿನ 3 ಗಂಟೆಗೆ. ಹೋಗಲು ನಾಲ್ಕು ಗಂಟೆ, ಬರಲು ಮೂವತ್ತು ಗಂಟೆ ಎಂದು ಅಮ್ಮ ಬೆರಳು ಮಡಿಸಿ ಎಣಿಸಿ, "ಹೋಪಲೆ ಅಡ್ಡಿಲ್ಲೆ, ಬಪ್ಪಲೇ ಕಷ್ಟ" ಎಂದರು. ಅವರಿಗೆ ಸರಿಯಾಗಿ ವಿವರಿಸಲು ನನಗೂ ಬರಲಿಲ್ಲ. ನಡುವೆ ಒಂದು ಕಡೆ ಇಳಿದು ಹೋಗುವ ವಿಮಾನಗಳಿಗೆ 21, 24, 27 ಗಂಟೆ ಎಂದು ಬೇರೆ ಬೇರೆ ಲೆಕ್ಕ ತೋರಿಸುತ್ತಾರೆ. ಈ ದಾರಿಯಲ್ಲಿ ಹೋಗಿ ಬಂದವರು, ಬಲ್ಲವರು ದಯವಿಟ್ಟು ತಿಳಿಸಬೇಕು. ನಮ್ಮ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ತಂಗಿಯ ಮನೆಯ ಹೊಸ್ತಿಲು ಮೆಟ್ಟುವವರೆಗೆ ಅಮ್ಮನ ದೇಹಕ್ಕೆ ಎಷ್ಟು ಗಂಟೆಯ ಪ್ರಯಾಣ ಎಂಬುದು ನನಗೆ ಮುಖ್ಯ.

ನಿವೃತ್ತ ಭೂಗೋಳ ಶಿಕ್ಷಕ, ಕುಮಟಾ

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ನಕ್ಷೆಯ ಮೇಲೆ ಅಳೆದದ್ದೇ ಪೇಚಿಗೆ ಕಾರಣ. ಮೂವತ್ತು ವರ್ಷ ಮಕ್ಕಳಿಗೆ ಈ ಪಾಠ ಹೇಳಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನಲ್ಲಿ 30 ಸೆಂ.ಮೀ. ಅಡ್ಡಳತೆಯ ಒಂದು ಭೂಗೋಳವಿದೆ. ಅದರ ಮೇಲೆ ಒಂದು ಸೆಂಟಿಮೀಟರ್ ಎಂದರೆ ಭೂಮಿಯ ಮೇಲೆ ಸುಮಾರು 425 ಕಿ.ಮೀ. ನಿಮ್ಮ ಪ್ರಶ್ನೆ ಓದಿ ಅದನ್ನು ಜಗಲಿಗೆ ತಂದು, ಮೊಮ್ಮಗಳನ್ನು ಕರೆದು, ಹೂ ಕಟ್ಟುವ ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಅವಳಿಗೆ ಹೇಳಿದೆ. ನೀವು ಅಳೆದ ದಾರಿಯಲ್ಲೇ, ಅಂದರೆ ಅರಬ್ಬಿ ಸಮುದ್ರ, ಸಹಾರಾ, ಅಟ್ಲಾಂಟಿಕ್ ಇವುಗಳ ಮೇಲೆ ನೂಲನ್ನು ಹಾಸಿಕೊಂಡು ಹೋಗಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದಾಗ ನೂಲಿನ ಉದ್ದ 47 ಸೆಂ.ಮೀ. ಆಯಿತು, ಎಂದರೆ 20 ಸಾವಿರ ಕಿ.ಮೀ. ನಿಮಗೆ 22 ಸಾವಿರ ಬಂದದ್ದಕ್ಕೆ ಕಾರಣವೆಂದರೆ, ಪ್ರಪಂಚದ ನಕ್ಷೆಯ ಕೆಳಗೆ ಕೊಡುವ ಮಾಪನ ಸಾಮಾನ್ಯವಾಗಿ ಸಮಭಾಜಕ ವೃತ್ತಕ್ಕೆ ಹೊಂದುವಂಥದ್ದು. ಅಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 111 ಕಿ.ಮೀ. ಅಗಲವಿದ್ದರೆ, ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶದಲ್ಲಿ ಅದೇ ಒಂದು ಡಿಗ್ರಿ ಕೇವಲ 88 ಕಿ.ಮೀ. ಉತ್ತರಕ್ಕೆ ಹೋದಂತೆಲ್ಲ ರೇಖಾಂಶಗಳು ಹತ್ತಿರ ಬರುತ್ತವೆ, ನಕ್ಷೆ ಮಾತ್ರ ಅವುಗಳನ್ನು ಒಂದೇ ಅಂತರದಲ್ಲಿ ಎಳೆದು ತೋರಿಸುತ್ತದೆ.

ಆಮೇಲೆ ನೂಲನ್ನು ಬಿಗಿಯಾಗಿ ಎಳೆದೆ. ಎಳೆದಂತೆ ಅದು ಆಫ್ರಿಕಾದಿಂದ ಯೂರೋಪಿಗೆ, ಯೂರೋಪಿನಿಂದ ಉತ್ತರಕ್ಕೆ ಜಾರಿ, ಧ್ರುವವನ್ನೂ ದಾಟಿ ಆಚೆ ಬದಿಗೆ ಹೋಗಿ ಸೈಬೀರಿಯಾದ ಮೇಲೆ ನಿಂತಿತು. ಮೊಮ್ಮಗಳು ಬೆರಳು ತೆಗೆಯದೆಯೇ, "ಅಜ್ಜ, ಇದು ನೆತ್ತಿಯ ಮೇಲೆ ಹೋಯಿತು" ಎಂದು ಕೂಗಿದಳು. ಈಗ ಅಳೆದರೆ 33 ಸೆಂ.ಮೀ. ಲೆಕ್ಕದಲ್ಲಿ 13,990 ಕಿ.ಮೀ. ಗೋಲದ ಮೇಲಿನ ಎರಡು ಬಿಂದುಗಳ ನಡುವೆ ಬಿಗಿದ ನೂಲು ಹಿಡಿಯುವ ಈ ದಾರಿಯನ್ನು ಮಹಾವೃತ್ತದ ಚಾಪ ಎನ್ನುತ್ತೇವೆ, ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಬೆಂಗಳೂರಿನಿಂದ ಅದು ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಹೊರಟು, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ, ಕೊಲಿಮಾ ನದಿ ಸಮುದ್ರ ಸೇರುವ ಜಾಗದ ಹತ್ತಿರ 71 ಡಿಗ್ರಿ ಉತ್ತರದವರೆಗೆ ಏರಿ, ಅಲ್ಲಿಂದ ಅಲಾಸ್ಕಾದ ಮೇಲೆ ಇಳಿಯುತ್ತ ಕ್ಯಾಲಿಫೋರ್ನಿಯಾ ತಲಪುತ್ತದೆ. ಭಾರತ ಬಲಗಡೆ, ಅಮೆರಿಕ ಎಡಗಡೆ ಇರುವ ನಕ್ಷೆಯನ್ನೇ ನೋಡಿ ಬೆಳೆದ ನಮಗೆ ಅಮೆರಿಕ ಪಶ್ಚಿಮಕ್ಕಿದೆ ಎಂಬ ಭಾವನೆ ಗಟ್ಟಿಯಾಗಿದೆ. ಕ್ಯಾಲಿಫೋರ್ನಿಯಾಕ್ಕೆ ಇಲ್ಲಿಂದ ಪೂರ್ವವೇ ಹತ್ತಿರ. ಪಶ್ಚಿಮಕ್ಕೆ ಹೋದರೆ 200 ಡಿಗ್ರಿ ರೇಖಾಂಶ ದಾಟಬೇಕು, ಪೂರ್ವಕ್ಕಾದರೆ 160 ಸಾಕು.

ಇನ್ನು ಗಡಿಯಾರ. ಅಮೆರಿಕದಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಹಾಗಾಗಿ ನಿಮ್ಮ ಅಮ್ಮ ಹೋಗುವಾಗಲೂ ಬರುವಾಗಲೂ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಚಳಿಗಾಲದಲ್ಲಾದರೆ ಹದಿಮೂರೂವರೆ. ಟಿಕೆಟ್ಟಿನ ಮೇಲೆ ಹೊರಡುವ ಸಮಯ ಹೊರಡುವ ಊರಿನದು, ತಲಪುವ ಸಮಯ ತಲಪುವ ಊರಿನದು. ಎರಡನ್ನೂ ಒಂದೇ ಗಡಿಯಾರಕ್ಕೆ ತರದೆ ಕಳೆದರೆ ಉತ್ತರ ತಪ್ಪುತ್ತದೆ. ಅಲ್ಲಿಯ ಸಂಜೆ 6 ಎಂದರೆ ಶಿರಸಿಯಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಮಧ್ಯಾಹ್ನ 2ರಿಂದ ಅಲ್ಲಿಯವರೆಗೆ ಎಣಿಸಿದರೆ 16 ಗಂಟೆ 30 ನಿಮಿಷ. ಬರುವಾಗ ಅಲ್ಲಿಯ ಶುಕ್ರವಾರ ರಾತ್ರಿ 9 ಎಂದರೆ ನಮ್ಮ ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಭಾನುವಾರ ನಸುಕಿನ 3ರವರೆಗೆ 17 ಗಂಟೆ 30 ನಿಮಿಷ.

ನಿಮ್ಮ ಅಮ್ಮ ಬೆರಳಿನಲ್ಲಿ ಎಣಿಸಿದ ಲೆಕ್ಕವೂ ವ್ಯರ್ಥವಲ್ಲ ಎಂದು ಅವರಿಗೆ ಹೇಳಿ. ಅವರ ನಾಲ್ಕು ಮತ್ತು ಮೂವತ್ತನ್ನು ಕೂಡಿಸಿದರೆ 34. ನಿಜವಾದ ಹದಿನಾರೂವರೆ ಮತ್ತು ಹದಿನೇಳೂವರೆಯನ್ನು ಕೂಡಿಸಿದರೂ 34. ಹೋಗುವಾಗ ಗಡಿಯಾರ ಕದ್ದ ಹನ್ನೆರಡೂವರೆ ಗಂಟೆಯನ್ನು ಬರುವಾಗ ಹಾಗೆಯೇ ಮರಳಿಸುತ್ತದೆ. ಹೋಗಿ ಬರುವ ಎರಡೂ ಟಿಕೆಟ್ಟುಗಳ ತೋರಿಕೆಯ ಗಂಟೆಗಳನ್ನು ಕೂಡಿಸಿ ಅರ್ಧ ಮಾಡಿದರೆ ಒಂದು ಬದಿಯ ಸರಾಸರಿ ಸಮಯ ಸಿಗುತ್ತದೆ. ಎರಡು ಪ್ರಯಾಣಗಳ ನಡುವೆ ಅಮೆರಿಕದ ಗಡಿಯಾರ ಬದಲಾಗಿರಬಾರದು, ಅಷ್ಟೇ.

ಬೈತ್‌ಕೋಲ್‌ನವ, ಕಾರವಾರ

ಮೇಷ್ಟ್ರು ನೂಲಿನಿಂದ ತೋರಿಸಿದ್ದು ಭೂಮಿಯ ದೂರ. ನಾನು ಕೆಲವು ವರ್ಷ ಒಂದು ವಿಮಾನ ಸಂಸ್ಥೆಯಲ್ಲಿ ಹಾರಾಟದ ದಾರಿ ಗೊತ್ತುಮಾಡುವ ವಿಭಾಗದಲ್ಲಿ ಕೆಲಸ ಮಾಡಿದವನು, ಆದ್ದರಿಂದ ಆ ನೂಲಿನ ಮೇಲೆಯೇ ವಿಮಾನ ಏಕೆ ಹೋಗುವುದಿಲ್ಲ ಎಂಬುದನ್ನು ಹೇಳಬಲ್ಲೆ. ಹೋಗಲು ಹದಿನಾರೂವರೆ, ಬರಲು ಹದಿನೇಳೂವರೆ ಎಂಬ ಒಂದು ಗಂಟೆಯ ವ್ಯತ್ಯಾಸದ ಮೂಲವೂ ಅಲ್ಲಿಯೇ ಇದೆ.

ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಯಾವುದೋ ಕಾರಣಕ್ಕೆ ಇಳಿದರೆ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಬೀಳುತ್ತವೆ. ಹೆಚ್ಚಿನ ವಿಮಾನಗಳಲ್ಲಿ ಪ್ರಯಾಣಿಕರ ಆಮ್ಲಜನಕ ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ಸಾಕಾಗುವಷ್ಟು ಮಾತ್ರ ಇರುತ್ತದೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸಹಜವಾಗಿ ಉಸಿರಾಡಬಹುದಾದ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಇಳಿಯಲು ಜಾಗವೆಲ್ಲಿ? ಹೀಗಾಗಿ ವಿಮಾನಗಳು ಸಾಧ್ಯವಾದಷ್ಟೂ ಅದರ ಬದಿಯಿಂದ ಸುತ್ತಿ ಹೋಗುತ್ತವೆ.

ಎರಡನೆಯದು ಗಾಳಿ. ನಮ್ಮ ಮನೆಯವರು ತಲೆಮಾರುಗಳಿಂದ ಮೀನುಗಾರರು. ಬಂದರಿನಿಂದ ಒಂದೇ ಜಾಗಕ್ಕೆ ಹೋಗಿ ಬರಲು ಗಾಳಿ ಬೆನ್ನಿಗಿದ್ದಾಗ ಒಂದು ಲೆಕ್ಕ, ಎದುರಿಗಿದ್ದಾಗ ಇನ್ನೊಂದು ಲೆಕ್ಕ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಕಾಶದಲ್ಲೂ ಅದೇ ಕತೆ. ಭೂಮಿಯಿಂದ ಒಂಬತ್ತು ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಲವಾದ ಗಾಳಿಯಿದೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ರಭಸ ಬಹಳ ಹೆಚ್ಚು. 1920ರ ದಶಕದಲ್ಲೇ ವಾಸಾಬುರೋ ಓಯಿಶಿ ಎಂಬ ಜಪಾನಿನ ಹವಾಮಾನ ವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಹೊರ ದೇಶದವರೂ ಓದಲಿ ಎಂದು ವರದಿಯನ್ನು ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ರೂಪಿಸಿದ ಎಸ್ಪೆರಾಂಟೋ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು, ಆ ಭಾಷೆ ಬಲ್ಲವರು ಕಡಿಮೆಯಾದ್ದರಿಂದ ಜಗತ್ತು ಅದನ್ನು ಗಮನಿಸಲಿಲ್ಲ. ಅಂಥ ಕೆಲಸ ಹಾಗೆ ಮರೆಯಾದದ್ದು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಈಗ ಒಂದು ಲೆಕ್ಕ ನೋಡಿ. ಬೆಂಗಳೂರಿನಿಂದ ಟೋಕಿಯೋ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಸುಮಾರು 14,930 ಕಿ.ಮೀ. ಆಗುತ್ತದೆ. ಮೇಷ್ಟ್ರ ನೂಲಿಗಿಂತ 940 ಕಿ.ಮೀ. ಹೆಚ್ಚು. ಆದರೆ ಪೆಸಿಫಿಕ್ ಸಾಗರದ ಮೇಲಿನ ಒಂಬತ್ತು ಗಂಟೆಯ ಹಾರಾಟದಲ್ಲಿ ಗಂಟೆಗೆ ನೂರು ಕಿ.ಮೀ. ವೇಗದ ಬೆನ್ನುಗಾಳಿ ಸಿಕ್ಕರೆ ಅದರಲ್ಲಿ 900 ಕಿ.ಮೀ. ಗಾಳಿಯೇ ನೂಕಿಕೊಡುತ್ತದೆ. ಗಾಳಿ ಗಂಟೆಗೆ ನೂರೈವತ್ತು ಕಿ.ಮೀ. ಇದ್ದರೆ ಸುತ್ತಿನ ದಾರಿಯೇ ಬೇಗ ಮುಗಿಯುವ ದಾರಿಯಾಗುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುವುದರಿಂದ ಅದನ್ನು ತಪ್ಪಿಸಿಕೊಂಡು ಇನ್ನೂ ಉತ್ತರಕ್ಕೆ, ಕೆಲವೊಮ್ಮೆ ಧ್ರುವದ ಹತ್ತಿರದಿಂದಲೇ ಬರುತ್ತಾರೆ. ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಉತ್ತರ ಧ್ರುವದ ಮೇಲಿನ ದಾರಿಯಲ್ಲಿ ಬಂತು. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು, ಹದಿನೇಳು ಗಂಟೆಗೂ ಹೆಚ್ಚು ಹಾರಿ, ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಆ ಬೋಯಿಂಗ್ 777-200ಎಲ್ಆರ್ ಒಂದೇ ಹಾರಾಟದಲ್ಲಿ 15,800 ಕಿ.ಮೀ. ಸಾಗಬಲ್ಲ ವಿಮಾನ. ಈ ದಾರಿಗೆ ಅಂಥದ್ದೇ ಬೇಕು.

ಹೋಗುವ ದಾರಿ ಎಷ್ಟು ಉತ್ತರಕ್ಕೆ ಏರಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ಇಳಿದದ್ದು ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ. ಎಲ್ಲರೂ ಕ್ಷೇಮವಾಗಿದ್ದರು, ಹೆದರಿಸಲು ಇದನ್ನು ಬರೆಯುತ್ತಿಲ್ಲ. ದೇಶಗಳ ನಡುವಿನ ಜಗಳವೂ ಗಂಟೆ ಹೆಚ್ಚಿಸುತ್ತದೆ. 2022ರಲ್ಲಿ ಶುರುವಾದ ರಷ್ಯಾ–ಉಕ್ರೇನ್ ಯುದ್ಧದ ನಂತರ ಅಮೆರಿಕ ಮತ್ತು ಯೂರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ಭಾರತದ ಮತ್ತು ಕೊಲ್ಲಿಯ ಸಂಸ್ಥೆಗಳಿಗೆ ಹಾಗಾಗಲಿಲ್ಲ. ಹೀಗಾಗಿ ಅದೇ ಎರಡು ಊರುಗಳಿಗೆ ಬೇರೆ ಬೇರೆ ಸಂಸ್ಥೆಗಳ ಗಂಟೆ ಬೇರೆ ಬೇರೆ.

ನಡುವೆ ಇಳಿಯುವ ದಾರಿಗಳಲ್ಲಿ ಕಿಲೋಮೀಟರ್ ಅಷ್ಟೇನೂ ಹೆಚ್ಚುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ದೆಹಲಿಯ ಮೇಲೆ ಹೋದರೆ 14,090 ಕಿ.ಮೀ., ನೇರಕ್ಕಿಂತ ಕೇವಲ ನೂರು ಹೆಚ್ಚು, ಏಕೆಂದರೆ ದೆಹಲಿ ಹೆಚ್ಚು ಕಡಿಮೆ ದಾರಿಯಲ್ಲೇ ಇದೆ. ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,550, ಸಿಂಗಾಪುರದ ಮೇಲೆ 16,800ರ ಆಸುಪಾಸು. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಹೆಚ್ಚು ಕಡಿಮೆ ಎದುರು ಬದಿರು ರೇಖಾಂಶಗಳಲ್ಲಿವೆ, ಹಾಗಾಗಿ ಅಲ್ಲಿಂದ ಹತ್ತಿರದ ದಾರಿ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಅಂದರೆ 21 ಗಂಟೆ ಮತ್ತು 27 ಗಂಟೆಯ ನಡುವಿನ ವ್ಯತ್ಯಾಸದ ಬಹುಪಾಲು ನೆಲದ ಮೇಲೆ ಕಾಯುವುದರಲ್ಲಿ ಹೋಗುತ್ತದೆ, ಆಕಾಶದಲ್ಲಿ ಅಲ್ಲ. ನೇರ ವಿಮಾನ ಎಲ್ಲ ಋತುವಿನಲ್ಲೂ, ಎಲ್ಲ ದಿನವೂ ಇರುವುದೆಂದು ನಂಬಬೇಡಿ. ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ನೋಡಿಯೇ ಮುಂದಿನ ಲೆಕ್ಕ ಹಾಕಿ.

ಅಂಕೋಲೆಯ ಸೊಸೆ

ನಾನು ಅತ್ತೆಯವರನ್ನು ಇದೇ ಊರಿಗೆ ಕರೆದುಕೊಂಡು ಹೋಗಿ ಬಂದವಳು. ಮೇಲಿನ ಇಬ್ಬರೂ ಹೇಳಿದ್ದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಕಿಲೋಮೀಟರಿನ ಚಿಂತೆ ಬಿಟ್ಟು ನಾನು ಕಲಿತ ಎರಡು ಮೂರು ಸಂಗತಿ ಬರೆಯುತ್ತೇನೆ.

ಒಟ್ಟು ಗಂಟೆ ಕಡಿಮೆ ಇರುವ ಟಿಕೆಟ್ ಒಳ್ಳೆಯದು ಎಂದು ತಿಳಿದು, ನಡುವೆ ಕೇವಲ ಒಂದು ಗಂಟೆ ಇಪ್ಪತ್ತು ನಿಮಿಷ ಬಿಡುವಿದ್ದ ಟಿಕೆಟ್ ತೆಗೆದುಕೊಂಡೆವು. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು, ಅತ್ತೆಯವರ ಗಾಲಿಕುರ್ಚಿ ಬರಲು ಇನ್ನೂ ಅರ್ಧ ಗಂಟೆ. ನಮ್ಮ ಕಣ್ಣ ಮುಂದೆಯೇ ಎರಡನೆಯ ವಿಮಾನದ ಬಾಗಿಲು ಮುಚ್ಚಿತು. ಮುಂದಿನ ವಿಮಾನಕ್ಕೆ ಹದಿನಾಲ್ಕು ಗಂಟೆ ಕಾದೆವು. ಅತ್ತೆ ಸೀರೆಯ ಸೆರಗನ್ನೇ ಹೊದ್ದು ಕಬ್ಬಿಣದ ಕುರ್ಚಿಯ ಮೇಲೆ ಒರಗಿದ್ದ ದೃಶ್ಯ ಇಂದಿಗೂ ನನ್ನನ್ನು ಕಾಡುತ್ತದೆ. ನಡುವಿನ ಬಿಡುವು ಮೂರರಿಂದ ನಾಲ್ಕು ಗಂಟೆ ಇರಲಿ. ಆ ನಾಲ್ಕು ಗಂಟೆ ದಂಡವಲ್ಲ, ಮೊಣಕಾಲು ನೋವಿರುವವರಿಗೆ ಕಾಲು ಚಾಚಿ ನಡೆದಾಡಲು ಸಿಗುವ ಸಮಯ. ಗಾಲಿಕುರ್ಚಿ ಬೇಕೆಂದು ಎರಡು ದಿನ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ. ಇನ್ನೊಂದು ಎಚ್ಚರ: ಅಮೆರಿಕದೊಳಗೇ ಬೇರೆ ಊರಿನಲ್ಲಿ ವಿಮಾನ ಬದಲಿಸುವ ಟಿಕೆಟ್ ಬೇಡ. ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ, ಒಬ್ಬರೇ ಹೋಗುವ ಹಿರಿಯರಿಗೆ ಅದು ದೊಡ್ಡ ತೊಡಕು.

ಮಾತ್ರೆಯ ವಿಷಯದಲ್ಲಿ ನಮ್ಮ ವೈದ್ಯರು ಒಂದು ಉಪಾಯ ಹೇಳಿದರು. ಅತ್ತೆಯ ಎಡಗೈಯ ಗಡಿಯಾರ ಕೊನೆಯವರೆಗೂ ಅಂಕೋಲೆಯ ಸಮಯದಲ್ಲೇ ಇರಲಿ, ಮಾತ್ರೆ ಆ ಗಡಿಯಾರದಂತೆಯೇ ತೆಗೆದುಕೊಳ್ಳಲಿ, ತಲಪಿದ ಮೇಲೆ ನಿಧಾನಕ್ಕೆ ಅಲ್ಲಿಯ ಹೊತ್ತಿಗೆ ಹೊಂದಿಸೋಣ ಎಂದು. ನಾನು ಒಂದೊಂದು ಹೊತ್ತಿನ ಮಾತ್ರೆಯನ್ನು ಒಂದೊಂದು ಪೊಟ್ಟಣ ಕಟ್ಟಿ ಮೇಲೆ "ಊರಿನ ರಾತ್ರಿ 8", "ಊರಿನ ಬೆಳಿಗ್ಗೆ 8" ಎಂದು ಬರೆದುಕೊಟ್ಟಿದ್ದೆ. ಕಿಟಕಿಯಾಚೆ ಬಿಸಿಲೋ ಕತ್ತಲೆಯೋ ಎಂದು ನೋಡದೆ ಅವರು ಗಡಿಯಾರವನ್ನೇ ನಂಬಿದರು. ನಿಮ್ಮ ಅಮ್ಮನ ವೈದ್ಯರನ್ನು ಕೇಳಿಯೇ ಇದನ್ನು ಮಾಡಿ. ಹದಿನಾರು ಗಂಟೆ ಒಂದೇ ಸಮ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ, ಎಚ್ಚರವಿದ್ದಾಗ ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಎದ್ದು ನಡೆಯಬೇಕು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಮಾಡುತ್ತಿರಬೇಕು. ಓಡಾಡುವ ದಾರಿಯ ಪಕ್ಕದ ಆಸನ ಮೊದಲೇ ಕಾದಿರಿಸಿ.

ಊರಿನಿಂದ ನಿಲ್ದಾಣದವರೆಗಿನ ಗಂಟೆಯನ್ನು ಮರೆಯಬೇಡಿ. ನಾವು ಹೊರಟದ್ದು 2024ರ ಜುಲೈನಲ್ಲಿ. 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಕುಮಟೆಯಲ್ಲಿದ್ದ ಅತ್ತೆ ನಮ್ಮಲ್ಲಿಗೆ ಬರಬೇಕಿದ್ದ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಘಟ್ಟ ಹತ್ತಿ ಇಳಿದು ಅರ್ಧ ದಿನ ಸುತ್ತಬೇಕಾಯಿತು. ನೀವು ಘಟ್ಟದ ಮೇಲಿನವರು, ಮಾರ್ಚಿನಲ್ಲಿ ಮಳೆಯೂ ಇಲ್ಲ. ಆದರೆ ಸೆಪ್ಟೆಂಬರಿನಲ್ಲಿ ಕರೆತರಲು ಹೋಗುವಾಗ ಒಂದು ದಿನ ಕೈಯಲ್ಲಿಟ್ಟುಕೊಂಡೇ ಹೊರಡಿ. ಕಾರವಾರದ ಕಡೆಯವರಿಗೆ ಗೋವಾದ ದಾಬೋಳಿ ವಿಮಾನ ನಿಲ್ದಾಣ ನೂರು ಕಿ.ಮೀ. ಅಂತರದಲ್ಲಿದೆ. ಶಿರಸಿಯವರಿಗೆ ಹುಬ್ಬಳ್ಳಿಯೂ ಅಷ್ಟೇ ದೂರ, ಅಲ್ಲಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಆದರೆ ಅದನ್ನೂ ದೂರದ ಪ್ರಯಾಣವನ್ನೂ ಬೇರೆ ಬೇರೆ ಟಿಕೆಟ್ ಮಾಡಿಸಿದರೆ, ಮೊದಲನೆಯದು ತಡವಾದಾಗ ಎರಡನೆಯವರು ಕಾಯುವುದಿಲ್ಲ.

ಹುಲೇಕಲ್ ಕಡೆಯವ, ಶಿರಸಿ

ಮೂವರಿಗೂ ನಾನು ಋಣಿ. ನಿನ್ನೆ ರಾತ್ರಿ ಇವೆಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ನಾಲ್ಕು ಮತ್ತು ಮೂವತ್ತು ಕೂಡಿಸಿ ಅರ್ಧ ಮಾಡುವ ಲೆಕ್ಕ ಅವರಿಗೆ ತಕ್ಷಣ ಹಿಡಿಸಿತು. ಅವರದೇ ಒಂದು ಪ್ರಶ್ನೆ ಉಳಿದಿದೆ. ಅಮ್ಮ ನಲವತ್ತು ವರ್ಷಗಳಿಂದ ಏಕಾದಶಿ ಉಪವಾಸ ತಪ್ಪಿಸಿದವರಲ್ಲ. ದಿನಾಂಕವೇ ಹಿಂದೆ ಮುಂದೆ ಆಗುವ ಊರಿನಲ್ಲಿ ನಮ್ಮ ಪಂಚಾಂಗದ ಏಕಾದಶಿಯನ್ನು ಯಾವ ದಿನ ಹಿಡಿಯಬೇಕು ಎಂದು ಕೇಳುತ್ತಿದ್ದಾರೆ. ಮೇಷ್ಟ್ರು ಹೇಳಿದರೆ ಒಪ್ಪುತ್ತಾರೆ.

ನಿವೃತ್ತ ಭೂಗೋಳ ಶಿಕ್ಷಕ, ಕುಮಟಾ

ಬಹಳ ಒಳ್ಳೆಯ ಪ್ರಶ್ನೆ, ಇದೂ ದೂರ ಮತ್ತು ಸಮಯದ ಪ್ರಶ್ನೆಯೇ. ತಿಥಿ ಎಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ. ಚಂದ್ರ ಎಲ್ಲರಿಗೂ ಒಬ್ಬನೇ ಆದ್ದರಿಂದ ಏಕಾದಶಿ ಹಿಡಿಯುವ ಗಳಿಗೆ ಶಿರಸಿಗೂ ಸ್ಯಾನ್ ಹೋಸೆಗೂ ಒಂದೇ. ಬೇರೆಯಾಗುವುದು ಸೂರ್ಯೋದಯ, ಮತ್ತು ಆಚರಣೆಯ ದಿನ ನಿಲ್ಲುವುದು ಸೂರ್ಯೋದಯದ ಮೇಲೆ.

ಶಿರಸಿಯಲ್ಲಿ ಮಂಗಳವಾರ ಬೆಳಿಗ್ಗೆ 10ಕ್ಕೆ ಏಕಾದಶಿ ಹಿಡಿಯಿತೆನ್ನಿ. ಆ ದಿನ ಸೂರ್ಯ ಹುಟ್ಟುವಾಗ ಇನ್ನೂ ದಶಮಿಯಿದ್ದುದರಿಂದ ಇಲ್ಲಿ ಉಪವಾಸ ಬುಧವಾರ. ಅದೇ ಗಳಿಗೆಯಲ್ಲಿ ಸ್ಯಾನ್ ಹೋಸೆಯ ಗಡಿಯಾರ ಸೋಮವಾರ ರಾತ್ರಿ ಒಂಬತ್ತೂವರೆ ತೋರಿಸುತ್ತಿರುತ್ತದೆ. ಅಲ್ಲಿ ಮಂಗಳವಾರದ ಸೂರ್ಯ ಹುಟ್ಟುವಾಗ ಏಕಾದಶಿಯೇ ನಡೆಯುತ್ತಿರುವುದರಿಂದ ಅಲ್ಲಿಯ ಉಪವಾಸ ಮಂಗಳವಾರ. ಪ್ರತಿ ಸಲವೂ ಹೀಗೆ ಬೇರೆಯಾಗುವುದಿಲ್ಲ, ಕೆಲವು ತಿಂಗಳು ಎರಡೂ ಊರಿಗೆ ಒಂದೇ ವಾರ ಬೀಳುತ್ತದೆ. ಆದ್ದರಿಂದ ಇಲ್ಲಿಯ ಪಂಚಾಂಗವನ್ನು ಒಯ್ದು ಅದರ ವಾರವನ್ನೇ ಅಲ್ಲಿ ಹಿಡಿಯಬಾರದು, ಆ ಊರಿಗೆ ಗಣಿಸಿದ ಪಂಚಾಂಗ ನೋಡಬೇಕು. ವ್ರತದ ಸೂಕ್ಷ್ಮಗಳನ್ನು ನಿಮ್ಮ ಪುರೋಹಿತರಲ್ಲಿ ಕೇಳಿ. ಪ್ರಯಾಣದ ದಿನವೇ ಏಕಾದಶಿ ಬೀಳದಂತೆ ಟಿಕೆಟ್ ಮಾಡಿಸುವುದು ಮಾತ್ರ ನಿಮ್ಮ ಕೈಯಲ್ಲಿದೆ, ಬರಿ ಹೊಟ್ಟೆಯಲ್ಲಿ ಅವರು ಅಷ್ಟು ದೂರ ಹೋಗುವುದು ಬೇಡ.

ಹುಲೇಕಲ್ ಕಡೆಯವ, ಶಿರಸಿ

ಟಿಕೆಟ್ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ದಿನಾಂಕಕ್ಕೆ ನೇರ ವಿಮಾನ ಸಿಗಲಿಲ್ಲ. ದುಬೈ ಮೇಲಿನ ದಾರಿಯಲ್ಲಿ ನಡುವೆ ನಾಲ್ಕು ಗಂಟೆ ಬಿಡುವಿರುವುದನ್ನು ಆರಿಸಿದೆ. ಎಲ್ಲವನ್ನೂ ಶಿರಸಿಯ ಗಡಿಯಾರದಲ್ಲೇ ಬರೆದುಕೊಂಡಿದ್ದೇನೆ. ಶುಕ್ರವಾರ ಮಧ್ಯಾಹ್ನ 2ಕ್ಕೆ ಊಟ ಮುಗಿಸಿ ಕಾರಿನಲ್ಲಿ ಮನೆ ಬಿಡುವುದು, ಹಾವೇರಿ, ದಾವಣಗೆರೆಯ ಮೇಲೆ ನಿಧಾನವಾಗಿ ಹೋಗಿ ರಾತ್ರಿ 11ಕ್ಕೆ ವಿಮಾನ ನಿಲ್ದಾಣ. ಶನಿವಾರ ನಸುಕಿನ ನಾಲ್ಕೂವರೆಗೆ ಮೊದಲ ವಿಮಾನ, ಎಂಟೂವರೆಗೆ ದುಬೈ, ಮಧ್ಯಾಹ್ನ ಹನ್ನೆರಡೂವರೆಗೆ ಎರಡನೆಯ ವಿಮಾನ. ಅಲ್ಲಿಂದ ಹದಿನಾರು ಗಂಟೆ ಹಾರಿ ಭಾನುವಾರ ನಸುಕಿನ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ, ಆಗ ಅಲ್ಲಿ ಶನಿವಾರ ಸಂಜೆ 4. ತಪಾಸಣೆ, ಪೆಟ್ಟಿಗೆ, ಐವತ್ತು ಕಿಲೋಮೀಟರ್ ಕಾರು ಎಲ್ಲ ಸೇರಿ ಮೂರು ಗಂಟೆ ಹಿಡಿದರೆ ತಂಗಿಯ ಮನೆ ತಲಪುವಾಗ ಇಲ್ಲಿ ಬೆಳಿಗ್ಗೆ ಏಳೂವರೆ. ಹೊಸ್ತಿಲಿನಿಂದ ಹೊಸ್ತಿಲಿಗೆ ನಲವತ್ತೊಂದೂವರೆ ಗಂಟೆ, ಅದರಲ್ಲಿ ಆಕಾಶದಲ್ಲಿರುವುದು ಇಪ್ಪತ್ತು ಗಂಟೆ. ಕೇಳಿದ ಉತ್ತರ ಸಿಕ್ಕಿತು.

ದುಬೈನಿಂದ ಅದೇ ವಿಮಾನಕ್ಕೆ ಹೋಗುವ ದಾವಣಗೆರೆಯ ಕುಟುಂಬವೊಂದು ಏಜೆಂಟರ ಮೂಲಕ ಪರಿಚಯವಾಗಿದೆ, ಅವರ ಪಕ್ಕದ ಸಾಲಿನಲ್ಲೇ ದಾರಿಯ ಬದಿಯ ಆಸನ ಕಾದಿರಿಸಿದೆ. ವೈದ್ಯರು ಪೊಟ್ಟಣದ ಉಪಾಯಕ್ಕೆ ಒಪ್ಪಿದ್ದಾರೆ. ಅಪ್ಪನ ಹಳೆಯ ಕೈಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿ ತಂದೆ, ಪಟ್ಟಿ ದೊಡ್ಡದಾಗಿದ್ದರಿಂದ ಪೇಟೆಯಲ್ಲಿ ಎರಡು ತೂತು ಹೊಡೆಸಬೇಕಾಯಿತು. ಅಮ್ಮ ಈಗಲೇ ಅದನ್ನು ಎಡಗೈಗೆ ಕಟ್ಟಿಕೊಂಡು ತೋಟಕ್ಕೆ ಹೋಗಿ ಬರುತ್ತಿದ್ದಾರೆ.